ಪ್ರಾರ್ಥನೆಯಲ್ಲಿ ನಾನು ಆಡಿದ ಮಾತು

ಎಸ್ತರಕ್ಕನ ಗುಟ್ಟನ್ನು ನಾನು ಬಾಯಿ ತಪ್ಪಿ ಹೇಳಲಿಲ್ಲ. ಬೇಕೆಂದೇ ಹೇಳಿದೆ.

ಇಂಡಿ ಊರಿನ ನಮ್ಮ ಕ್ರೈಸ್ತ ಸಭೆಯವರೆಲ್ಲ ಅದು ಬಾಯಿ ತಪ್ಪಿ ಬಂದ ಮಾತೆಂದೇ ನಂಬಿದ್ದರು — ಗೆಳತಿಯ ಮೇಲಿನ ಮರುಕದಲ್ಲಿ, ಪ್ರಾರ್ಥನೆಯ ಆವೇಶದಲ್ಲಿ, ನನಗೇ ತಿಳಿಯದೆ ಹೊರಬಿದ್ದದ್ದೆಂದು. ಹಾಗೆ ನಂಬಲಿ ಎಂದು ನಾನೂ ಸುಮ್ಮನಿದ್ದೆ. ಆದರೆ ಯಾರ ಕಿವಿಗೆ ಬೀಳುತ್ತದೆ, ಬಿದ್ದ ಮೇಲೆ ಅವಳ ಗತಿ ಏನಾಗುತ್ತದೆ — ಎಲ್ಲ ಗೊತ್ತಿದ್ದೇ ಆಡಿದೆ. ಚಾಡಿ ಹೇಳುವವರು ಕಟ್ಟೆಯ ಮೇಲೆ ಕೂತು ಹೇಳುತ್ತಾರೆ, ನೀರಿಗೆ ಹೋದಲ್ಲಿ ಹೇಳುತ್ತಾರೆ. ನಾನು ಮೊಣಕಾಲೂರಿ, ಕೈ ಜೋಡಿಸಿ, ದೇವರ ಹೆಸರು ಹಿಡಿದು ಹೇಳಿದೆ.

ನಾನು ಸುಶೀಲಾ. ಸಾಲಿಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ನನ್ನ ಗಂಡ ಪ್ರಕಾಶ ಲಿಂಬೆಹಣ್ಣಿನ ಟೆಂಪೋ ಓಡಿಸುತ್ತಿದ್ದರು. ಇಂಡಿಯಿಂದ ಸೊಲ್ಲಾಪುರಕ್ಕೆ, ಸೊಲ್ಲಾಪುರದಿಂದ ಇಂಡಿಗೆ. ಒಂದು ದಿನ ಮುಂಜಾನೆ ಝಳಕಿಯ ಹತ್ತಿರ ಹೆದ್ದಾರಿಯಲ್ಲಿ ಟೆಂಪೋ ಉರುಳಿತು. ಸುದ್ದಿ ತಂದವರು ಮೊದಲು ಕೈ ಮುರಿದಿದೆ ಎಂದರು, ಆಮೇಲೆ ಸೀರಿಯಸ್ ಎಂದರು, ಕಡೆಗೆ ಯಾರೂ ಏನೂ ಹೇಳಲಿಲ್ಲ. ರಸ್ತೆಯ ತುಂಬ ಲಿಂಬೆಹಣ್ಣು ಚೆಲ್ಲಿತ್ತಂತೆ. ಆ ವಾಸನೆ ನನಗೆ ಈಗಲೂ ಆಗುವುದಿಲ್ಲ.

ಮಣ್ಣಾದ ಮೇಲೆ ಬಂದವರೆಲ್ಲ ತಮ್ಮ ತಮ್ಮ ಊರಿಗೆ ಹೋದರು. ನನ್ನ ತವರು ಸಿಂದಗಿ. ಅಣ್ಣ ಒಂದು ವಾರ ಇದ್ದು, ಬಿತ್ತನೆಯ ಹಂಗಾಮು ಎಂದು ಹೊರಟ. ತಪ್ಪೇನಿಲ್ಲ, ಎಲ್ಲರಿಗೂ ಅವರವರ ಬದುಕು. ಮಗಳು ಆಗ ಚಿಕ್ಕವಳು. ನಾನು ಗೋಡೆಗೆ ಆತು ಕೂತವಳು ಏಳುತ್ತಿರಲಿಲ್ಲ. ಆಗ ಬಂದವಳು ಎಸ್ತರಕ್ಕ.

ನಮ್ಮ ಸಭೆ ದೊಡ್ಡದಲ್ಲ. ತಗಡಿನ ಮಾಡಿನ ಒಂದು ಪ್ರಾರ್ಥನಾ ಮಂದಿರ, ರವಿವಾರ ಬಂದು ಸೇರುವ ಕೆಲವೇ ಮನೆತನ. ಹೆರಿಗೆಗೂ ನಾವೇ, ಹೆಣಕ್ಕೂ ನಾವೇ. ಎಸ್ತರಕ್ಕನ ಗಂಡ ದೇವದಾನ ಮಾಸ್ತರರು ಸಭೆಗೆ ಹಿರಿಯರು. ಕನ್ನಡ ಸಾಲಿಯಲ್ಲಿ ಕಲಿಸಿ ನಿವೃತ್ತರಾದವರು. ಎಸ್ತರಕ್ಕ ಶುಕ್ರವಾರದ ಹೆಂಗಸರ ಕೂಟ ನಡೆಸುತ್ತಿದ್ದಳು. ಮನೆಯಲ್ಲಿ ಜಂಪರ ಹೊಲಿಯುತ್ತಿದ್ದಳು. ಅವಳ ಮಗ ಸುನೀಲ ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಜ್ವರ ಬಂದು ತೀರಿಕೊಂಡಿದ್ದ — ನಾನು ಇಂಡಿಗೆ ಸೊಸೆಯಾಗಿ ಬರುವ ಮುಂಚೆಯೇ. ಮಗನ ಗುಣಿಯ ಹತ್ತಿರ ನಿಂತು, ಕಣ್ಣಲ್ಲಿ ನೀರು ತರದೆ ಆ ತಾಯಿ ಹಾಡಿದಳೆಂದು ಜನ ಹೇಳುತ್ತಿದ್ದರು. ವಿಶ್ವಾಸ ಅಂದರೆ ಎಸ್ತರಕ್ಕನ ವಿಶ್ವಾಸ — ಇದು ನಮ್ಮಲ್ಲಿ ಗಾದೆಯ ಹಾಗೆ ಆಗಿತ್ತು.

ಆಕೆ ದಿನಾ ಬೆಳಗ್ಗೆ ಬರುತ್ತಿದ್ದಳು. ಬಂದವಳೇ ಒಲೆ ಹಚ್ಚಿ ಜೋಳದ ನುಚ್ಚು ಬೇಯಿಸಿ, ಮಜ್ಜಿಗೆ ಕಲಸಿ ನನ್ನ ಮುಂದೆ ಇಡುತ್ತಿದ್ದಳು. ನಾನು ಒಲ್ಲೆ ಎಂದರೆ,

"ಉಣ್ಣವಾ ತಂಗಿ. ಅಳಾಕರ ಶಕ್ತಿ ಬೇಕಲಾ," ಎನ್ನುತ್ತಿದ್ದಳು.

ಮಗಳ ತಲೆ ಬಾಚಿ ಸಾಲಿಗೆ ಕಳಿಸಿ, ಕಡೆಗೆ ನನ್ನ ಪಕ್ಕ ಕೂತು ನನ್ನ ಎರಡೂ ಕೈ ಹಿಡಿದು ಪ್ರಾರ್ಥಿಸುತ್ತಿದ್ದಳು. ಅವಳ ಪ್ರಾರ್ಥನೆಯಲ್ಲಿ ದೊಡ್ಡ ದೊಡ್ಡ ಮಾತು ಇರುತ್ತಿರಲಿಲ್ಲ. ಪಕ್ಕದ ಖೋಲಿಯಲ್ಲಿ ಕೂತ ತಂದೆಗೆ ಹೇಳುವ ಹಾಗೆ — ಈಕೆಗೆ ನಿದ್ದೆ ಬರುತ್ತಿಲ್ಲ, ನಿದ್ದೆ ಕೊಡು. ಈಕೆಗೆ ಬಾಗಿಲ ಕಡೆ ನೋಡಲು ಹೆದರಿಕೆ, ಆ ಹೆದರಿಕೆ ತೆಗೆ. ಹಾಗೆ. ಕೇಳುತ್ತ ಕೇಳುತ್ತ ಯಾರೋ ನಿಜವಾಗಿ ಕೇಳಿಸಿಕೊಳ್ಳುತ್ತಿದ್ದಾರೆ ಎನಿಸುತ್ತಿತ್ತು. ಮೊದಲು ನಿದ್ದೆ ಬಂತು. ಆಮೇಲೆ ಹಸಿವು. ಆಮೇಲೊಂದು ದಿನ ಬಾಗಿಲು ತೆಗೆದು ಅಂಗಳ ಗುಡಿಸಿದೆ. ಮಾಸ್ತರರು ಓಡಾಡಿ ಸಾಲಿಯಲ್ಲಿ ಅಡುಗೆ ಕೆಲಸ ಹಚ್ಚಿಸಿದರು. ನಾನು ಬದುಕಿದೆ. ಏನು ಹೇಳಲಿ — ಆ ಹೆಂಗಸಿನ ಕೈ ಹಿಡಿದೇ ಬದುಕಿದೆ.

ಅವಳನ್ನು ನೋಡಿ ನನಗೂ ಪ್ರಾರ್ಥಿಸುವ ಹಂಬಲ ಹತ್ತಿತು. ಎಲ್ಲಿ ಸಾವಾದರೂ, ಯಾರಿಗೆ ಕಾಯಿಲೆಯಾದರೂ ನಾವಿಬ್ಬರೂ ಕೂಡಿ ಹೋಗುತ್ತಿದ್ದೆವು. ವರ್ಷಗಳು ಕಳೆದವು. ಜನ ನನ್ನ ಪ್ರಾರ್ಥನೆಯನ್ನೂ ಮೆಚ್ಚುವಂತಾದರು. ಸುಶೀಲಾ ಬಾಳ ಚೆಂದ ಪ್ರಾರ್ಥಿಸ್ತಾಳ ಎನ್ನುತ್ತಿದ್ದರು; ಎಂದು, ಒಂದು ಗಳಿಗೆ ತಡೆದು — ಆದರ ಎಸ್ತರಕ್ಕಂದು ಎಸ್ತರಕ್ಕಂದ, ಎನ್ನುತ್ತಿದ್ದರು. ಆ ಮಾತಿಗೆ ನಾನು ನಗುತ್ತಿದ್ದೆ. ಆ ನಗೆಯ ಕೆಳಗೆ ಏನಿತ್ತು ಎಂದು ಆಗ ನೋಡಿಕೊಳ್ಳಲಿಲ್ಲ. ನೋಡಿಕೊಳ್ಳಬೇಕಿತ್ತು.

ಗೊಳಸಂಗಿಯಲ್ಲಿ ನಮ್ಮ ಪರಿಚಯದ ಒಬ್ಬ ಹೆಂಗಸಿನ ಕೂಸು ಕಾಲುವೆಗೆ ಬಿದ್ದು ಸತ್ತಿತು. ನಾವಿಬ್ಬರೂ ಬಸ್ಸು ಹಿಡಿದು ಹೋದೆವು. ಆ ತಾಯಿ ಇನ್ನೂ ಹುಡುಗಿ. ಕೂಸಿನ ಲಂಗ ಎದೆಗೊತ್ತಿಕೊಂಡು ಕೂತಿದ್ದಳು. ಎಸ್ತರಕ್ಕನ ಮುಖ ನೋಡಿ ಕೇಳಿದಳು:

"ನಿಮ್ಮ ಮಗಾನೂ ಹೋಗ್ಯಾನಂತಲ್ರಿ. ನೀವು ಹೆಂಗ ತಡಕೊಂಡ್ರಿ?"

"ನಾ ತಡಕೊಂಡಿಲ್ಲವಾ, ಯೇಸುಸ್ವಾಮಿ ತಡಕೊಳ್ಳಾಕ ಶಕ್ತಿ ಕೊಟ್ಟ. ನಿನಗೂ ಕೊಡ್ತಾನ," ಎಂದಳು ಎಸ್ತರಕ್ಕ. ಆಮೇಲೆ ಆ ಹುಡುಗಿಯ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡು ಪ್ರಾರ್ಥಿಸಿದಳು. ಮನೆಯವರೆಲ್ಲ ಅತ್ತರು. ಆ ತಾಯಿ ಅವಳ ತೊಡೆಯ ಮೇಲೆಯೇ ನಿದ್ದೆ ಹೋದಳು.

ತಿರುಗಿ ಬರುವಾಗ ರಸ್ತೆಯ ಬದಿಯ ಬೇವಿನ ನೆರಳಲ್ಲಿ ಬಸ್ಸು ಕಾಯುತ್ತ ನಿಂತಿದ್ದೆವು. ಬಿಸಿಲು ಚುರುಗುಡುತ್ತಿತ್ತು. ಎಸ್ತರಕ್ಕ ಕಲ್ಲಿನ ಮೇಲೆ ಕುಸಿದ ಹಾಗೆ ಕೂತು, ನನ್ನ ಮುಖ ನೋಡದೆ ಅಂದಳು:

"ಸುಶೀ, ನಾ ಈಗ ಆ ಹುಡುಗಿಗೆ ಸುಳ್ಳು ಹೇಳಿ ಬಂದೆ."

"ಏನ್ ಸುಳ್ಳು ಅಕ್ಕಾ?"

"ಶಕ್ತಿ ಕೊಟ್ಟ ಅಂತ ಹೇಳಿದ್ನಲ್ಲಾ — ನನಗ ಕೊಟ್ಟಿಲ್ಲ. ಸುನೀಲ ಹೋದ ದಿನದಿಂದ ನನ್ನೊಳಗ ಏನೂ ಇಲ್ಲ. ಕರದ್ರ ಓ ಅನ್ನಾವ್ರ ಇಲ್ಲ. ಬಾಯಿ ಒಂದ ಪ್ರಾರ್ಥನಿ ಮಾಡ್ತೈತಿ. ಎಲ್ಲಾರೂ ಕಣ್ಣ ಮುಚ್ಚಿರ್ತಾರ, ನಾ ಕಣ್ಣ ತಗದು ಅವರ ಮಾರಿ ನೋಡ್ಕೋತ ಕುಂತಿರ್ತೇನಿ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಬಾಯಿಂದ ಬಂದದ್ದು ಒಂದೇ ಮಾತು.

"ಹಂಗಾರ ನನಗ ಮಾಡಿದ್ದು?"

"ನಿನಗ ಬೇಕಾಗಿತ್ತು. ಅದಕ್ಕ ಮಾಡಿದೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಯಾರ ಮುಂದೂ ಹೇಳಿಲ್ಲ ಸುಶೀ. ಮನ್ಯಾಗ ಇವರ ಮುಂದೂ ಹೇಳಿಲ್ಲ. ಹೊರಾಕ ಆಗವಲ್ದು. ನನಗೂ ಯಾರರ ಒಬ್ರು ಬೇಕಲಾ."

ಆ ಹೊತ್ತಿಗೆ ನಾನು ಏನು ಮಾಡಬೇಕಿತ್ತೆಂದು ಯಾವ ಮಗುವಾದರೂ ಹೇಳುತ್ತದೆ. ಅವಳ ಕೈ ಹಿಡಿಯಬೇಕಿತ್ತು. ಗೋಡೆಗೆ ಆತು ಕೂತವಳ ಹತ್ತಿರ ಅವಳು ಬಂದು ಕೂತಳಲ್ಲ, ಹಾಗೆ ಕೂರಬೇಕಿತ್ತು. ನಾನು ನಿಂತೇ ಇದ್ದೆ. ಬಸ್ಸು ಬಂತು. ವಿಜಯಪುರಕ್ಕೆ ಬಂದು ಇಂಡಿಯ ಬಸ್ಸು ಹತ್ತುವ ತನಕ ಒಂದು ಮಾತೂ ಆಡಲಿಲ್ಲ.

ಸಿಟ್ಟು ಬಂದಿತ್ತು. ಮೋಸ ಹೋದೆ ಎನಿಸಿತ್ತು. ಯಾವ ಪ್ರಾರ್ಥನೆಯಿಂದ ನಾನು ಎದ್ದು ನಿಂತೆನೋ ಅದು ಬರೀ ಬಾಯಿಮಾತು — ಕೇಳುವವರಿಲ್ಲದ ಮನೆಯ ಬಾಗಿಲು ಬಡಿದ ಸದ್ದು — ಹಾಗಾದರೆ ನನ್ನ ನಂಬಿಕೆಯೂ... ಹೀಗೆಲ್ಲ ಯೋಚಿಸಿದೆ. ತನ್ನಲ್ಲಿ ಇಲ್ಲದ್ದನ್ನು ಅವಳು ನನಗೆ ಎಲ್ಲಿಂದ ತಂದು ಕೊಟ್ಟಳು, ದಿನಾ ಬೆಳಗ್ಗೆ ಎದ್ದು ಬರಲು ಅವಳಿಗೆಷ್ಟು ಕಷ್ಟವಾಗಿರಬೇಕು — ಇದು ಹೊಳೆಯಲಿಲ್ಲ. ಹೊಳೆಯುವ ಹೊತ್ತಿಗೆ ಕೆಲಸ ಕೆಟ್ಟಿತ್ತು.

ಆದರೆ ಸಿಟ್ಟೊಂದೇ ಎಂದರೆ ಅದೂ ಸುಳ್ಳಾಗುತ್ತದೆ. ಸಿಟ್ಟಿನ ಬುಡದಲ್ಲಿ ಬೇರೊಂದು ಇತ್ತು. ಎಸ್ತರಕ್ಕಂದು ಎಸ್ತರಕ್ಕಂದ, ಎನ್ನುತ್ತಿದ್ದರಲ್ಲ ಜನ — ಇನ್ನು ಮೇಲೆ ಹಾಗೆ ಎನ್ನಲಾರರು. ನನ್ನದು ನಿಜವಾದದ್ದು, ಅವಳದು ಪೊಳ್ಳು. ಇದು ಗೊತ್ತಿದ್ದವಳು ನಾನೊಬ್ಬಳೇ. ಆ ಒಬ್ಬಳೇ ಎನ್ನುವುದು ನನಗೆ ಸಾಲದಾಯಿತು.

ಮುಂದಿನ ಶುಕ್ರವಾರ ಉಪವಾಸ ಪ್ರಾರ್ಥನೆ ಇತ್ತು. ಅಂದು ಗಂಡಸರೂ ಬರುತ್ತಿದ್ದರು. ಪಾಸ್ಟರು, ಅವರ ಹೆಂಡತಿ, ದೇವದಾನ ಮಾಸ್ತರರು ಮುಂದೆ ಇದ್ದರು; ಎಸ್ತರಕ್ಕ ಎಂದಿನ ಜಾಗದಲ್ಲಿ. ಒಬ್ಬರಾದ ಮೇಲೆ ಒಬ್ಬರು ಗಟ್ಟಿಯಾಗಿ ಪ್ರಾರ್ಥಿಸುತ್ತ ಬಂದರು. ನನ್ನ ಸರದಿ ಬಂತು. ಕಾಯಿಲೆಯವರಿಗಾಗಿ ಪ್ರಾರ್ಥಿಸಿದೆ, ಗೊಳಸಂಗಿಯ ಆ ತಾಯಿಗಾಗಿ ಪ್ರಾರ್ಥಿಸಿದೆ. ಆಮೇಲೆ ತಡೆದೆ. ಕಣ್ಣು ತೆರೆದೆ — ಪಾಸ್ಟರ ಹೆಂಡತಿ ಇದ್ದಾರೋ ಎದ್ದು ಹೋದರೋ ನೋಡಲಿಕ್ಕೆ. ಅವರ ಕಿವಿಗೆ ಬಿದ್ದರೆ ಎಲ್ಲರ ಮನೆಗೂ ಮುಟ್ಟುತ್ತದೆ. ಹೌದು, ಅದಕ್ಕೇ ತೆರೆದೆ. ಇದ್ದರು. ಎಲ್ಲರ ಕಣ್ಣೂ ಮುಚ್ಚಿದ್ದವು. ಎಸ್ತರಕ್ಕನವು ಮಾತ್ರ ತೆರೆದಿದ್ದವು.

ಅವಳು ನನ್ನನ್ನೇ ನೋಡುತ್ತಿದ್ದಳು. ಮುಂದಿನ ಮಾತು ಏನೆಂದು ಅವಳಿಗೆ ಗೊತ್ತಾಯಿತು. ಅವಳಿಗೆ ಗೊತ್ತಾದದ್ದು ನನಗೂ ಗೊತ್ತಾಯಿತು. ಅವಳು ತಲೆ ಅಲ್ಲಾಡಿಸಿದಳು — ಬ್ಯಾಡ, ಎನ್ನುವ ಹಾಗೆ, ಬಹಳ ಮೆಲ್ಲಗೆ. ಕೂಸಿಗೆ ಬಿಸಿ ಮುಟ್ಟಬೇಡ ಎನ್ನುವಾಗ ಅಲ್ಲಾಡಿಸುತ್ತೇವಲ್ಲ, ಹಾಗೆ.

ನಾನು ಕಣ್ಣು ಮುಚ್ಚಿದೆ.

"ತಂದೆಯೇ, ನಿನ್ನ ಮಗಳಾದ ಎಸ್ತರಳನ್ನು ನೆನಪು ಮಾಡಿಕೋ. ಮಗ ಹೋದ ದಿನದಿಂದ ಆಕಿ ನಿನ್ನ ನಂಬಿಲ್ಲ ಸ್ವಾಮಿ. ಬರೇ ಬಾಯಿಲೆ ಪ್ರಾರ್ಥನಿ ಮಾಡಾಕತ್ತಾಳ. ಆಕಿನ್ನ ಕ್ಷಮಿಸು. ಸತ್ತ ವಿಶ್ವಾಸಕ್ಕ ಜೀವ ಕೊಡು."

ರೂಢಿಯ ಮೇಲೆ ಕೆಲವರು ಆಮೆನ್ ಎಂದರು. ಎಂದ ಮೇಲೆ ತಾವು ಯಾವುದಕ್ಕೆ ಆಮೆನ್ ಎಂದೆವೆಂದು ತಿಳಿದು ಕಣ್ಣು ಬಿಟ್ಟರು. ದೇವದಾನ ಮಾಸ್ತರರು ಹೊರಳಿ ಹೆಂಡತಿಯ ಕಡೆ ನೋಡಿದರು. ಎಸ್ತರಕ್ಕ ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದು ಹೋದಳು.

ನಾನು ಅತ್ತೆ. ಅಯ್ಯೋ, ಹೆಂಗ ಬಾಯಿಂದ ಬಂತೋ ಎಂದು ಅತ್ತೆ. ಹೆಂಗಸರು ನನ್ನನ್ನು ಸಂತೈಸಿದರು.

ಪಾಸ್ಟರು ಕೆಟ್ಟವರಲ್ಲ. ಅವಳ ಮನೆಗೆ ಹೋಗಿ, ಸ್ವಲ್ಪ ದಿನ ಕೂಟ ನಡೆಸೋದು ಬೇಡ, ವಿಶ್ರಾಂತಿ ತಗೊಳ್ರಿ ತಾಯಿ, ಎಂದು ಮೆತ್ತಗೆ ಹೇಳಿದರಂತೆ. ಮಾಸ್ತರರು ತಾವಾಗಿಯೇ ಹಿರಿಯತನ ಬಿಟ್ಟರು. ಜನ ಮಾತ್ರ ಮೆತ್ತಗಿರಲಿಲ್ಲ. ಒಬ್ಬಳು ಎಲ್ಲರೆದುರಿಗೆ ಅಂದಳು: "ನನ್ನ ಕೂಸಿನ ತಲಿ ಮ್ಯಾಲೆ ಕೈ ಇಟ್ಟು ಪ್ರಾರ್ಥಿಸಿದ್ಲಲಾ, ಅದಕ್ಕ ಅದು ಉಳಿಲಿಲ್ಲ." ಅದು ನನಗೂ ಕೇಳಿಸಿತು. ಆ ಕೂಸು ಹುಟ್ಟಿದಾಗಲೇ ಉಳಿಯುವುದು ಕಷ್ಟವೆಂದು ಡಾಕ್ಟರು ಹೇಳಿದ್ದರು. ಅವತ್ತು ಆಸ್ಪತ್ರೆಯಲ್ಲಿ ಎಸ್ತರಕ್ಕನ ಜೊತೆ ನಾನೂ ಇದ್ದೆ. ಹೇಳಬಹುದಿತ್ತು. ಹೇಳಲಿಲ್ಲ. ಹಾದಿಯಲ್ಲಿ ಸಿಕ್ಕರೆ ಹೆಂಗಸರು ಮುಖ ತಿರುವತೊಡಗಿದರು. ಜಂಪರ ಹೊಲಿಸಲು ಹೋಗುವವರು ನಿಂತರು. ಅವಳ ಮನೆಗೆ ಆ ದಿನಗಳಲ್ಲಿ ಬಂದು ಹೋಗುತ್ತಿದ್ದವಳು ಪಕ್ಕದ ಮನೆಯ ಹಸೀನಾಬಿ ಒಬ್ಬಳೇ. ನಿಮ್ಮ ಮಂದಿ ಎಲ್ಲಿ ಹ್ವಾದ್ರು, ಎಂದು ಅವಳು ಕೇಳುತ್ತಿದ್ದಳಂತೆ.

ಶುಕ್ರವಾರದ ಕೂಟ ನಡೆಸಲು ಯಾರಾದರೂ ಬೇಕಲ್ಲ. ನನ್ನನ್ನು ಕೇಳಿದರು. ನಾನು ಒಂದು ಸಲ ಬೇಡ ಎಂದೆ — ಎರಡನೆಯ ಸಲ ಕೇಳಲಿ ಎಂದು. ಕೇಳಿದರು. ಒಪ್ಪಿದೆ. ಎಸ್ತರಕ್ಕ ಕೂರುತ್ತಿದ್ದ ಚಾಪೆಯ ಮೇಲೆ ಕೂತೆ.

ಅವಳು ನನ್ನ ಮನೆಗೆ ಬಂದು ಬಯ್ಯಬಹುದಿತ್ತು. ಬರಲಿಲ್ಲ. ಯಾಕ ಹಿಂಗ ಮಾಡ್ದಿ ಎಂದು ಕೇಳಲಿಲ್ಲ. ಅಷ್ಟೇ ಅಲ್ಲ — ಕೇಳಿದವರಿಗೆಲ್ಲ, ಸುಶೀಲಾಂದು ಏನೂ ತಪ್ಪಿಲ್ಲ, ಪಾಪ, ಬಾಯಿ ತಪ್ಪಿ ಬಂದೈತಿ, ಎಂದು ಅವಳೇ ಹೇಳುತ್ತಿದ್ದಾಳೆಂದು ತಿಳಿಯಿತು. ಅದನ್ನು ಕೇಳಿ ನನಗೆ ನಾಚಿಕೆಯಾಗಬೇಕಿತ್ತು. ಹಗುರಾಯಿತು.

ಎರಡು ಮಳೆಗಾಲ ಕಳೆಯುವುದರೊಳಗೆ ಅವಳಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ಎಸ್ತರಕ್ಕನ ಮಗಳು ಮುದ್ದೇಬಿಹಾಳದಲ್ಲಿ ನರ್ಸ್. ಮಾಸ್ತರರು, ಎಸ್ತರಕ್ಕ ಇಬ್ಬರೂ ಅವಳ ಹತ್ತಿರ ಹೋದರು. ಸಭೆಯಿಂದ ಯಾರೂ ಕಳಿಸಲು ಹೋಗಲಿಲ್ಲ. ನಾನೂ ಹೋಗಲಿಲ್ಲ. ಬಹಳ ದಿನದ ಮೇಲೆ, ಇನ್ನು ಹೆಚ್ಚು ಕಾಲವಿಲ್ಲ ಎಂಬ ಸುದ್ದಿ ಬಂದಾಗ, ಮನಸ್ಸು ಗಟ್ಟಿ ಮಾಡಿಕೊಂಡು ಬಸ್ಸು ಹತ್ತಿದೆ. ಮನಗೂಳಿ ದಾಟುವಾಗ, ಬಾಗೇವಾಡಿಯಲ್ಲಿ ಬಸ್ಸು ನಿಂತಾಗ, ಹೇಳಬೇಕಾದ ಮಾತನ್ನು ಒಳಗೊಳಗೇ ಹೇಳಿಕೊಂಡೆ. ಅಕ್ಕಾ, ನಾ ಬೇಕಂತ ಮಾಡಿದೆ. ಇಷ್ಟೇ ಇತ್ತು ಹೇಳುವುದು.

ಪಡಸಾಲೆಯ ಮಂಚದ ಮೇಲೆ ಮಲಗಿದ್ದಳು. ಸೀರೆಯ ಒಳಗೆ ಮನುಷ್ಯಳೇ ಇಲ್ಲದಷ್ಟು ಸೊರಗಿದ್ದಳು. ಅವಳ ಮಗಳು ಚಹಾ ಕೊಟ್ಟು ಒಳಗೆ ಹೋದಳು.

"ಬಂದೇನವಾ," ಎಂದಳು ಎಸ್ತರಕ್ಕ. "ನಿನ್ನ ಮಗಳು ಆರಾಮದಾಳ?"

"ಆರಾಮದಾಳಕ್ಕಾ. ಅಕ್ಕಾ, ನಾ ಅವತ್ತ..."

ಅವಳು ಕೈ ಎತ್ತಿದಳು. "ಅದು ಬ್ಯಾಡ ಸುಶೀ. ಬಾಯಿ ತಪ್ಪಿ ಬಂತು. ಹೌದಿಲ್ಲೋ?"

ಹಾಗೆಂದು ನನ್ನ ಮುಖ ನೋಡಿದಳು. ಅಂದು ಮಂದಿರದಲ್ಲಿ ನೋಡಿದ ಕಣ್ಣುಗಳೇ. ಅವಳಿಗೆ ಗೊತ್ತು, ಅವಳಿಗೆ ಗೊತ್ತೆಂಬುದು ನನಗೆ ಗೊತ್ತು. ಅವಳು ನನಗೆ ಬಾಗಿಲು ತೆರೆದು ಕೊಟ್ಟಳೋ, ನಿಜ ಹೇಳಲು ಕೊನೆಯ ಸಲ ಕೇಳಿದಳೋ — ಇವತ್ತಿಗೂ ತಿಳಿಯದು.

"ಹೌದಕ್ಕಾ," ಎಂದೆ. "ಬಾಯಿ ತಪ್ಪಿ ಬಂತು."

ಅವಳು ಕಣ್ಣು ಮುಚ್ಚಿದಳು. ಏನು ಮಾಡುವುದೆಂದು ತಿಳಿಯದೆ ನಾನು ಕೈ ಜೋಡಿಸಿ ಪ್ರಾರ್ಥಿಸಲು ಹೋದೆ.

"ಪ್ರಾರ್ಥನಿ ಬ್ಯಾಡವಾ. ಸುಮ್ನ ಸ್ವಲ್ಪೊತ್ತು ಕುಂದ್ರು. ನನಗ ಬಾಳ ಅಂಜಿಕಿ ಬರ್ತೈತಿ."

ಬಸ್ಸಿನ ಹೊತ್ತಾಯಿತು ಎಂದು ಹೇಳಿ ನಾನು ಎದ್ದೆ. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ನಿಲ್ದಾಣದ ಬೆಂಚಿನ ಮೇಲೆ, ಗುರುತಿಲ್ಲದ ಜನರ ನಡುವೆ, ಸಂಜೆಯ ತನಕ ಸುಮ್ಮನೆ ಕೂತಿದ್ದೆ.

ಕೆಲವೇ ದಿನಗಳಲ್ಲಿ ಅವಳು ಹೋದಳು. ಮುದ್ದೇಬಿಹಾಳದಲ್ಲೇ ಮಣ್ಣು ಮಾಡಿದರು. ಗುಣಿಯ ಹತ್ತಿರ ಅಲ್ಲಿನ ಪಾಸ್ಟರು, ಇಂಡಿಯಿಂದ ಬಂದ ಗೆಳತಿ ಪ್ರಾರ್ಥಿಸಲಿ, ಎಂದರು. ನಾನು ಪ್ರಾರ್ಥಿಸಿದೆ. ಚೆಂದಾಗಿ ಪ್ರಾರ್ಥಿಸಿದೆ. ಜನ ಅತ್ತರು. ದೇವದಾನ ಮಾಸ್ತರರು ಬಂದು ನನ್ನ ತಲೆಯ ಮೇಲೆ ಕೈ ಇಟ್ಟು, "ನಿನ್ನ ಮ್ಯಾಲೆ ಆಕಿಗೆ ಬಾಳ ಜೀವ ಇತ್ತವಾ. ಆ ಮಾತ ಮನಸಿಗೆ ಹಚ್ಕೋಬ್ಯಾಡ," ಎಂದರು. ಆ ಕೈಯ ಭಾರ ನನಗೆ ತಡೆಯಲಾಗಲಿಲ್ಲ.

ಆದರೂ ಮತ್ತೆ ಒಂದು ವರ್ಷ ಸುಮ್ಮನಿದ್ದೆ.

ಹೋದ ತಿಂಗಳು ಮಾಸ್ತರರು ತಮ್ಮ ಇಂಡಿಯ ಮನೆ ಖಾಲಿ ಮಾಡಲು ಬಂದಿದ್ದರು. ಹೋದೆ. ಅವರು ಎಸ್ತರಕ್ಕನ ಹೊಲಿಗೆ ಯಂತ್ರದ ಮೇಲಿನ ಧೂಳು ಒರೆಸುತ್ತಿದ್ದರು. ನಿಂತಲ್ಲೇ ಹೇಳಿಬಿಟ್ಟೆ. "ಮಾಸ್ತರ್ರೀ, ಅದು ಬಾಯಿ ತಪ್ಪಿ ಬಂದಿದ್ದಲ್ರಿ. ನಾ ಬೇಕಂತ ಮಾಡೇನಿ. ಎಸ್ತರಕ್ಕಗ ಗೊತ್ತಿತ್ತು." ಕಣ್ಣು ತೆರೆದದ್ದು, ಅವಳು ತಲೆ ಅಲ್ಲಾಡಿಸಿದ್ದು, ಮುದ್ದೇಬಿಹಾಳದಲ್ಲಿ ಎದ್ದು ಬಂದದ್ದು — ಏನೂ ಬಿಡಲಿಲ್ಲ.

ಅವರು ಒರೆಸುವುದನ್ನು ನಿಲ್ಲಿಸಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು:

"ಅವತ್ತಿನಿಂದ ನಾ ಆಕಿ ಕೂಡ ನೆಟ್ಟಗ ಮಾತಾಡಿಲ್ಲ ತಂಗಿ. ಇಷ್ಟ ವರ್ಷ ನನ್ನ ಮುಂದ ಹೇಳದ ಮುಚ್ಚಿಟ್ಲಲಾ ಅಂತ ಸಿಟ್ಟಿತ್ತು. ಅದರಾಗ ಆಕಿ ಹ್ವಾದ್ಲು." ಒರೆಸುವ ಬಟ್ಟೆಯನ್ನು ಮಡಚಿ ಇಟ್ಟರು. "ಕ್ಷಮಿಸೇನಿ ಅನ್ನಬೇಕು ನಾ. ಇಷ್ಟ ದಿನ ಮಂದಿಗೆ ಅದನ್ನ ಹೇಳ್ಕೊಂಡ ಬಂದೇನಿ. ಆಗವಲ್ದು. ನೀ ಹೋಗು."

ನಾನು ಹೋದೆ.

ಮರು ಶುಕ್ರವಾರ ಕೂಟದಲ್ಲಿ ಹೆಂಗಸರ ಮುಂದೆ ಇದನ್ನೇ ಹೇಳಿದೆ. ಪ್ರಾರ್ಥನೆಯಲ್ಲಿ ಅಲ್ಲ, ನಿಂತು, ಅವರ ಮುಖ ನೋಡಿಕೊಂಡು. ಕೂಟ ನಡೆಸುವುದನ್ನು ಬಿಟ್ಟೆ. ಕೆಲವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅದು ಸರಿ. ಪಾಸ್ಟರು, ದೇವರು ಕ್ಷಮಿಸ್ತಾನ, ಎನ್ನುತ್ತಾರೆ. ಇರಬಹುದು, ಆತ ದೊಡ್ಡವನು. ಆದರೆ ಒಬ್ಬ ಹೆಂಗಸು ಅಂಜಿಕೆಯಾಗುತ್ತದೆ, ಸ್ವಲ್ಪ ಹೊತ್ತು ಕೂರು ಎಂದು ನನ್ನನ್ನು ಕೇಳಿದ್ದಳು. ದೇವರನ್ನಲ್ಲ, ನನ್ನನ್ನು. ನಾನು ಎದ್ದು ಬಂದೆ.